ಊರಿನ ಕಾಲುದಾರಿ ಮಳೆಗಾಲ ದಾಟಬೇಕೆ? ಮೊದಲು ನೀರಿಗೆ ದಾರಿ ಬಿಡಿ

ಮಳೆಗಾಲ ಮುಗಿದು ಅಕ್ಟೋಬರ್ ಬಂತೆಂದರೆ ಓದುಗರಿಂದ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. ‘ಶಾಲೆಗೆ ಹೋಗುವ ಕಾಲುದಾರಿ ಕೊಚ್ಚಿಹೋಗಿದೆ, ಊರವರೇ ಸೇರಿ ಸರಿಮಾಡೋಣ ಎಂದಿದ್ದೇವೆ, ಎಲ್ಲಿಂದ ಶುರು ಮಾಡಬೇಕು?’ ‘ಬಡಾವಣೆಯ ಉದ್ಯಾನದೊಳಗಿನ ನಡಿಗೆಯ ದಾರಿ ಕೆಸರುಗುಂಡಿಯಾಗಿದೆ, ನಾವೇ ಕೈಹಾಕಬಹುದೇ?’ ‘ಹೋದ ವರ್ಷ ಐವತ್ತು ಜನ ಸೇರಿ ಮಣ್ಣು ಹಾಕಿದ್ದೆವು, ಈ ವರ್ಷ ಆ ಮಣ್ಣೆಲ್ಲ ತೋಡಿನಲ್ಲಿದೆ (ಹಳ್ಳದಲ್ಲಿದೆ), ತಪ್ಪಿದ್ದೆಲ್ಲಿ?’

ಈ ಮೂರನೆಯ ಪ್ರಶ್ನೆಯೇ ನನ್ನನ್ನು ಹೆಚ್ಚು ಕಾಡುತ್ತದೆ. ಐವತ್ತು ಜನರ ಒಂದು ಭಾನುವಾರ ತೋಡಿನ ಪಾಲಾದರೆ ಮರುವರ್ಷ ಅವರಲ್ಲಿ ಹತ್ತು ಜನ ಬರುವುದೂ ಕಷ್ಟ. ಅದಕ್ಕೇ ಉತ್ತರವನ್ನು ಅಲ್ಲಿಂದಲೇ ಆರಂಭಿಸುತ್ತೇನೆ.

ಕೊಡಗಿನಲ್ಲಿ ಕಾಲುದಾರಿಯನ್ನು ಹಾಳುಮಾಡುವುದು ನೀರು. ಇಲ್ಲಿನ ತೋಟದವರು ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲಿ ಅಳೆಯುತ್ತಾರೆ. ನೂರು ಸೆಂಟ್ ಸೇರಿದರೆ ಒಂದು ಇಂಚು, ಅಂದರೆ ಸುಮಾರು 25 ಮಿಲಿಮೀಟರ್. ನಿಮ್ಮ ದಾರಿ 100 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ ಇದೆ ಎಂದುಕೊಳ್ಳಿ. ಒಂದು ಇಂಚು ಮಳೆ ಬಿದ್ದರೆ ಆ ದಾರಿಯ ಮೈಮೇಲೆಯೇ ಬೀಳುವ ನೀರು ಹೆಚ್ಚುಕಡಿಮೆ 3,800 ಲೀಟರ್. ಮೇಲಿನ ತೋಟದಿಂದ, ಗೇಟಿನಿಂದ, ಮನೆಯಂಗಳದಿಂದ ಹರಿದು ಬರುವುದು ಬೇರೆ. ಕಕ್ಕಡದಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತಿಂಗಳಲ್ಲಿ, ಇಂತಹ ಇಂಚುಗಳು ದಿನಕ್ಕೆ ಎಷ್ಟು ಬೀಳುತ್ತವೆ ಎಂಬುದನ್ನು ನಿಮಗೆ ಯಾರೂ ಹೇಳಬೇಕಾಗಿಲ್ಲ. ಅಷ್ಟು ನೀರು ದಾರಿಯ ಉದ್ದಕ್ಕೂ ಓಡಿದರೆ ನೀವು ಹಾಕಿದ ಯಾವ ಮಣ್ಣೂ ನಿಲ್ಲದು. ಅದನ್ನು ಅಲ್ಲಲ್ಲೇ, ಸ್ವಲ್ಪ ಸ್ವಲ್ಪವಾಗಿ ಬದಿಗಿಳಿಸಿದರೆ ಹಳೆಯ ಮಣ್ಣೇ ಸಾಕು. ಮುಂದೆ ಹೇಳುವ ಎಲ್ಲ ಹಂತಗಳೂ ಈ ಒಂದು ಕೆಲಸಕ್ಕಾಗಿ.

1. ಮಳೆಯಲ್ಲಿ ಒಮ್ಮೆ ನಡೆಯಿರಿ

ಹೆಚ್ಚಿನವರು ಬಿಡುವ ಹಂತ ಇದು. ದಾರಿಯನ್ನು ಬಿಸಿಲಿನಲ್ಲಿ ನೋಡಿ ಯೋಜನೆ ಹಾಕುತ್ತಾರೆ. ಬಿಸಿಲಿನಲ್ಲಿ ಕಾಣುವುದು ಗುಂಡಿ ಮಾತ್ರ. ಆ ಗುಂಡಿಗೆ ಕಾರಣವಾದ ನೀರು ನಲವತ್ತು ಅಡಿ ಮೇಲೆ, ಯಾರೋ ಗೊಬ್ಬರದ ಚೀಲ ಇಳಿಸಲು ಚರಂಡಿ ಮುಚ್ಚಿದ ಕಡೆಯಿಂದ ಬಂದಿರಬಹುದು.

ಜುಲೈನಲ್ಲಿ ಮಳೆ ಜೋರಾಗಿರುವ ಒಂದು ದಿನ ಇಬ್ಬರು ಮೂವರು ಕೊಡೆ ಹಿಡಿದು ಹೊರಡಿ. ಗೂಟಗಳನ್ನೂ ಎರಡು ಬಣ್ಣದ ಬಟ್ಟೆಯ ಚೂರುಗಳನ್ನೂ ಜೊತೆಗೆ ಒಯ್ಯಿರಿ. ನೀರು ದಾರಿಗೆ ಹತ್ತುವ ಕಡೆ ಕೆಂಪು ಬಟ್ಟೆ ಕಟ್ಟಿ. ದಾರಿಯಿಂದ ನೀರು ತಾನಾಗಿಯೇ ಇಳಿಯಲು ಹೊರಟು, ಅಂಚಿನಲ್ಲಿ ಬೆಳೆದ ಹುಲ್ಲಿಗೋ ಮಣ್ಣಿನ ದಿಣ್ಣೆಗೋ ತಡೆದು ಮತ್ತೆ ದಾರಿಗೆ ತಿರುಗುವ ಕಡೆ ಬಿಳಿ ಬಟ್ಟೆ ಕಟ್ಟಿ. ನಿಂತು ನೋಡಿದರೆ ಅದು ಸ್ಪಷ್ಟವಾಗಿ ಕಾಣುತ್ತದೆ: ಕೆಂಪು ನೀರು ಅಂಚಿಗೆ ಬಂದು, ಒಂದು ಗೇಣು ಎತ್ತರದ ಹುಲ್ಲಿನ ಬುಡಕ್ಕೆ ಮೂತಿ ಒತ್ತಿ, ಸುಳಿ ತಿರುಗಿ ಮತ್ತೆ ನಡುದಾರಿಗೆ ಬರುತ್ತದೆ. ಅಲ್ಲಿ ಎರಡು ಗುದ್ದಲಿ ಮಣ್ಣು ತೆಗೆದರೆ ನೀರು ಇಳಿದುಹೋಗುತ್ತದೆ. ನೂರು ಬಾಂಡ್ಲಿ ಮಣ್ಣು ತುಂಬಿಸುವುದಕ್ಕಿಂತ ಈ ಎರಡು ಗುದ್ದಲಿಯ ಕೆಲಸ ಮೇಲು.

ಈ ನಡಿಗೆಗೆ ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಲು ಸಾಧ್ಯವಾದರೆ ಖಂಡಿತ ಕರೆಯಿರಿ. ಹಳೆಯ ಕಣಿ (ನೀರು ಹರಿಯಲು ತೆಗೆದ ಕಾಲುವೆ) ಎಲ್ಲಿತ್ತು, ಯಾವಾಗ ಮುಚ್ಚಿತು ಎಂಬುದು ಅವರಿಗೆ ನೆನಪಿರುತ್ತದೆ. ಕೆಸರುಗದ್ದೆ ಕ್ರೀಡಾಕೂಟಕ್ಕೆಂದು ಜನ ಹೇಗೂ ಮಳೆಯಲ್ಲೇ ಸೇರುತ್ತಾರೆ. ಅಂದೇ ಅರ್ಧ ಗಂಟೆ ಇದಕ್ಕೆ ಕೊಡಬಹುದು.

ಜುಲೈ ತಪ್ಪಿಹೋಗಿದ್ದರೆ ಒಂದು ಕೊಡಪಾನ ನೀರನ್ನು ದಾರಿಯ ಮೇಲ್ತುದಿಯಲ್ಲಿ ನಿಧಾನವಾಗಿ ಸುರಿದು, ಒಂದು ಹಿಡಿ ಒಣ ತರಗೆಲೆಯ ಪುಡಿ ಎರಚಿ, ಅದು ಎಲ್ಲಿಗೆ ತೇಲುತ್ತದೆಂದು ನೋಡಿ. ಮಳೆಯಷ್ಟು ನಿಖರವಲ್ಲ, ಆದರೂ ಸುಮ್ಮನೆ ಊಹಿಸುವುದಕ್ಕಿಂತ ಉತ್ತಮ.

ಎಚ್ಚರಿಕೆ: ದಾರಿಯ ಮೇಲ್ಭಾಗದ ಬರೆಯಲ್ಲಿ (ಗುಡ್ಡದ ಕಡಿದಾದ ಬದಿಯಲ್ಲಿ) ಹೊಸ ಬಿರುಕು, ಹಿಂದೆಂದೂ ಇಲ್ಲದ ಕಡೆ ಕೆಸರು ನೀರಿನ ಒಸರು, ಒಂದೇ ಕಡೆಗೆ ವಾಲಿದ ಮರಗಳು ಕಂಡರೆ ಅಲ್ಲಿಗೆ ಕೆಲಸ ನಿಲ್ಲಿಸಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆಗಳಲ್ಲಿ ಗುಡ್ಡಗಳು ಜಾರಿದ್ದನ್ನು ನಾವು ಮರೆಯುವಂತಿಲ್ಲ. ಇಂತಹ ಲಕ್ಷಣಗಳನ್ನು ಪಂಚಾಯಿತಿಗೂ ತಹಶೀಲ್ದಾರ್ ಕಚೇರಿಗೂ ಅಂದೇ ತಿಳಿಸಿ. ಜಿಲ್ಲಾ ವಿಪತ್ತು ಸಹಾಯವಾಣಿಯ ಸಂಖ್ಯೆ 1077. ಇದು ಶ್ರಮದಾನದಿಂದ ಸರಿಯಾಗುವ ವಿಷಯವಲ್ಲ.

2. ದಾರಿ ಯಾರದ್ದು ಎಂದು ತಿಳಿದುಕೊಳ್ಳಿ

ಕೊಡಗಿನಲ್ಲಿ ಒಂದೇ ಕಾಲುದಾರಿ ಮೂರು ನಾಲ್ಕು ಬಗೆಯ ಜಾಗವನ್ನು ದಾಟಿ ಹೋಗುವುದು ಸಾಮಾನ್ಯ. ಮೊದಲು ಪಂಚಾಯಿತಿ ರಸ್ತೆ, ಆಮೇಲೆ ಒಬ್ಬರ ತೋಟದ ಅಂಚು, ಸ್ವಲ್ಪ ಪೈಸಾರಿ (ಸರ್ಕಾರಿ ಜಾಗ), ಬಾಣೆ (ವಂಶಪಾರಂಪರ್ಯವಾಗಿ ಬಂದ ಜಮ್ಮಾ ಗದ್ದೆಗೆ ಹೊಂದಿಕೊಂಡು ಸೊಪ್ಪು, ಸೌದೆ, ಮೇವಿಗೆಂದು ಬಂದ ಎತ್ತರದ ಜಾಗ), ಕೊನೆಗೆ ದೇವರಕಾಡು. ಒಂದೊಂದಕ್ಕೂ ಕೇಳಬೇಕಾದವರು ಬೇರೆ.

ಗ್ರಾಮ ನಕಾಶೆಯಲ್ಲಿ ದಾರಿ ಇದೆಯೇ ಎಂದು ಮೊದಲು ನೋಡಿ. ಹಳೆಯ ಕಾಲುದಾರಿ, ಬಂಡಿದಾರಿಗಳನ್ನು ನಕಾಶೆಯಲ್ಲಿ ಗುರುತಿಸಿರುತ್ತಾರೆ. ಕಂದಾಯ ಇಲಾಖೆಯ ‘ದಿಶಾಂಕ್’ ಆ್ಯಪ್ ತೆರೆದು ದಾರಿಯುದ್ದಕ್ಕೂ ನಡೆದರೆ ನೀವು ನಿಂತ ಜಾಗದ ಸರ್ವೆ ಸಂಖ್ಯೆ ತಿಳಿಯುತ್ತದೆ. ಗಡಿ ಹತ್ತಡಿ ಆಚೀಚೆ ತೋರಿಸಬಹುದು, ಅದನ್ನೇ ಹಿಡಿದು ಯಾರೊಂದಿಗೂ ವಾದಕ್ಕೆ ಇಳಿಯಬೇಡಿ. ಸಂದೇಹ ಇರುವ ಕಡೆ ಗ್ರಾಮ ಆಡಳಿತ ಅಧಿಕಾರಿಯನ್ನು ಕೇಳಿ, ಅಗತ್ಯ ಬಿದ್ದರೆ ಅಳತೆಗೆ ಅರ್ಜಿ ಕೊಡಿ.

ಖಾಸಗಿ ತೋಟದ ಮೂಲಕ ಹೋಗುವ ದಾರಿಯಾದರೆ ಮಾಲೀಕರ ಮನೆಗೆ ಹೋಗಿ ಕುಳಿತು ಮಾತನಾಡಿ. ಫೋನಿನಲ್ಲಿ ಮುಗಿಸಬೇಡಿ, ಗುಂಪಿನ ವಾಟ್ಸ್‌ಆ್ಯಪ್‌ನಲ್ಲಿ ಖಂಡಿತ ಬೇಡ. ಅವರಿಗಿರುವ ಮುಖ್ಯ ಅಂಜಿಕೆ ಇಷ್ಟೇ: ಇಂದು ಕಾಲುದಾರಿ ಎಂದವರು ನಾಳೆ ಜೀಪ್ ಓಡಿಸಿದರೆ? ದಾರಿಯ ಅಗಲ ಈಗಿರುವಷ್ಟೇ ಉಳಿಯುತ್ತದೆ, ನೀರನ್ನು ಅವರು ತೋರಿಸಿದ ಕಡೆಗೇ ಬಿಡುತ್ತೇವೆ ಎಂದು ಬರೆದುಕೊಟ್ಟರೆ ಹೆಚ್ಚಿನವರು ಒಪ್ಪುತ್ತಾರೆ. ಕೆಲವರು ಕಲ್ಲನ್ನೂ ಕೊಡುತ್ತಾರೆ.

ದೇವರಕಾಡಿನೊಳಗೆ ಕತ್ತಿ ಹಿಡಿದು ಹೋಗುವ ಮೊದಲು ತಕ್ಕಮುಖ್ಯಸ್ಥರನ್ನೂ (ಊರಿನ, ದೇವಸ್ಥಾನದ ಪಾರಂಪರಿಕ ಮುಖ್ಯಸ್ಥರನ್ನೂ) ದೇವಸ್ಥಾನ ಸಮಿತಿಯನ್ನೂ ಕೇಳಿ. ಅದಕ್ಕೆ ಊರಿನ ಕಟ್ಟುಪಾಡೂ ಇದೆ, ಅರಣ್ಯ ಕಾನೂನೂ ಇದೆ. ಅಲ್ಲಿ ಬಿದ್ದ ರೆಂಬೆಯನ್ನು ಬದಿಗೆ ಸರಿಸಿ, ಪ್ಲಾಸ್ಟಿಕ್ ಹೆಕ್ಕಿ, ಅಷ್ಟು ಸಾಕು. ತಡಿಯಂಡಮೋಳ್, ಪುಷ್ಪಗಿರಿ, ಬ್ರಹ್ಮಗಿರಿಯಂತಹ ಚಾರಣದ ದಾರಿಗಳು ಅರಣ್ಯ ಇಲಾಖೆಯವು. ವಲಯ ಅರಣ್ಯಾಧಿಕಾರಿಯ ಲಿಖಿತ ಒಪ್ಪಿಗೆ ಇಲ್ಲದೆ ಅಲ್ಲಿ ಒಂದು ಕಲ್ಲನ್ನೂ ಕದಲಿಸಬೇಡಿ. ಪಟ್ಟಣದಲ್ಲಿ ಬಡಾವಣೆಯ ಉದ್ಯಾನವಾದರೆ ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯನ್ನು ಕೇಳಬೇಕು. ಮಡಿಕೇರಿಯ ರಾಜಾಸೀಟ್‌ನಂತಹ ಉದ್ಯಾನಗಳು ತೋಟಗಾರಿಕೆ ಇಲಾಖೆಗೆ ಸೇರಿವೆ.

3. ಒಂದು ಪತ್ರ, ಒಂದು ಸ್ವೀಕೃತಿ

ಬಾಯಿಮಾತಿನ ಒಪ್ಪಿಗೆ ಸಾಲದು. ಗ್ರಾಮ ಪಂಚಾಯಿತಿಯ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಒಂದು ಪುಟದ ಪತ್ರ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಪತ್ರದ ಒಕ್ಕಣೆ ಹೀಗಿರಲಿ:

‘ನಮ್ಮ ಗ್ರಾಮದ ಇಂತಹ ಜಾಗದಿಂದ ಶಾಲೆಯವರೆಗಿನ ಸುಮಾರು ಇಷ್ಟು ಮೀಟರ್ ಕಾಲುದಾರಿಯನ್ನು ಇಂತಹ ದಿನಾಂಕದಂದು ಶ್ರಮದಾನದಿಂದ ದುರಸ್ತಿ ಮಾಡಲು ಅನುಮತಿ ಕೋರುತ್ತೇವೆ. ಕಳೆ ಸವರುವುದು, ಚರಂಡಿ ಬಿಡಿಸುವುದು, ಕಲ್ಲಿನ ಮೆಟ್ಟಿಲು ಜೋಡಿಸುವುದು ಮಾತ್ರ ಮಾಡುತ್ತೇವೆ. ಮರ ಕಡಿಯುವುದಿಲ್ಲ, ದಾರಿಯನ್ನು ಅಗಲ ಮಾಡುವುದಿಲ್ಲ, ಯಂತ್ರದಿಂದ ಮಣ್ಣು ತೆಗೆಯುವುದಿಲ್ಲ. ಅಂದು ಸಂಗ್ರಹವಾಗುವ ಕಸವನ್ನು ಸಾಗಿಸಲು ಪಂಚಾಯಿತಿ ವಾಹನ ಒದಗಿಸಬೇಕಾಗಿ ವಿನಂತಿ.’

ಈ ‘ಮಾಡುವುದಿಲ್ಲ’ಗಳ ಸಾಲು ಬಹಳ ಮುಖ್ಯ. ಅನುಮತಿ ಕೊಡುವವರಿಗೆ ಅದರಿಂದ ಧೈರ್ಯ ಬರುತ್ತದೆ. ಕೆಲಸದ ದಿನ ಯಾರಾದರೂ ಉತ್ಸಾಹದಿಂದ ‘ಈ ಮರವನ್ನೂ ತೆಗೆದುಬಿಡೋಣ’ ಎಂದರೆ ನಿಮಗೂ ಹೇಳಲು ಒಂದು ಮಾತಿರುತ್ತದೆ. ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು. ದಾರಿಗೆ ಅಡ್ಡ ಬಿದ್ದಿರುವುದು ಬೀಟೆಯೋ ತೇಗವೋ ಆಗಿದ್ದರೆ ಅರಣ್ಯ ಇಲಾಖೆಗೆ ತಿಳಿಸದೆ ಮುಟ್ಟಬೇಡಿ.

ಕಾಲುಸಂಕ, ತಡೆಗೋಡೆ, ಮೋರಿಯಂತಹ ದೊಡ್ಡ ಕೆಲಸ ಬೇಕಿದ್ದರೆ ಅದನ್ನು ಶ್ರಮದಾನದ ಪತ್ರದಲ್ಲಿ ಸೇರಿಸಬೇಡಿ. ವಾರ್ಡ್ ಸಭೆಯಲ್ಲಿ ಬೇಡಿಕೆಯಾಗಿ ಬರೆಸಿ, ಗ್ರಾಮಸಭೆಯ ನಡಾವಳಿಯಲ್ಲಿ ಅದು ದಾಖಲಾಯಿತೇ ಎಂದು ನೋಡಿಕೊಳ್ಳಿ. ಹರಿಯುವ ತೋಡಿನ ಮೇಲೆ ಅಡಕೆ ಮರ, ಬಿದಿರು ಹಾಸಿ ನೀವೇ ಸಂಕ ಮಾಡುವುದು ಬೇಡ. ಮಕ್ಕಳು ಓಡಾಡುವ ದಾರಿಯಲ್ಲಿ ಅಂತಹ ಪ್ರಯೋಗ ಸಲ್ಲದು.

4. ದಿನ ಆರಿಸುವುದು

ಮಣ್ಣಿನ ಕೆಲಸಕ್ಕೆ ಒಳ್ಳೆಯ ಕಾಲ ಹೂಮಳೆ ಬಿದ್ದ ಮೇಲೆ, ಏಪ್ರಿಲ್‌ನಿಂದ ಮೇ ಮೊದಲ ಭಾಗದವರೆಗೆ. ಕಾಫಿ ಹೂವಿಗೆಂದು ಕಾಯುವ ಆ ಮಳೆಯಿಂದ ನೆಲ ಹದವಾಗಿರುತ್ತದೆ, ಗುದ್ದಲಿ ಇಳಿಯುತ್ತದೆ, ಕೂರಿಸಿದ ಮಣ್ಣು ಗಟ್ಟಿಯಾಗಲು ಜೂನ್‌ವರೆಗೆ ಸಮಯವೂ ಸಿಗುತ್ತದೆ. ಎರಡನೆಯ ಸುತ್ತು ಕಾವೇರಿ ಸಂಕ್ರಮಣ ಕಳೆದ ಮೇಲೆ, ಅಕ್ಟೋಬರ್ ಕೊನೆಗೆ. ಅದು ಹುಲ್ಲು ಸವರಿ, ಮುಚ್ಚಿದ ಕಣಿ ಬಿಡಿಸುವ ಸಣ್ಣ ಕೆಲಸ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬೇಡವೇ ಬೇಡ, ಎಲ್ಲರೂ ಕಾಫಿ ಕುಯಿಲಿನಲ್ಲಿರುತ್ತಾರೆ. ಹುತ್ತರಿ, ಕೈಲ್‌ಪೊಳ್ದ್ ಹಬ್ಬಗಳ ಆಸುಪಾಸಿನ ವಾರವೂ ಬೇಡ. ಬೇಸಿಗೆಯಲ್ಲಿ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ನಡೆಯುವ ವಾರಾಂತ್ಯಗಳನ್ನು ನೋಡಿಕೊಳ್ಳಿ. ಸಂತೆಯ ದಿನ ತಪ್ಪಿಸಿ, ಮಡಿಕೇರಿ ಸುತ್ತಮುತ್ತಲಿನವರಿಗೆ ಅದು ಶುಕ್ರವಾರ.

ಭಾನುವಾರದ ಬಗ್ಗೆ ಒಂದು ಮಾತು. ಈ ದಾರಿಗಳಲ್ಲಿ ದಿನವೂ ನಡೆಯುವವರು ಯಾರು? ವಾಹನ ಇಲ್ಲದವರು: ಲೈನ್ ಮನೆಯ (ತೋಟದ ಸಾಲುಮನೆಯ) ಕಾರ್ಮಿಕರು, ಹಾಡಿಯವರು (ಆದಿವಾಸಿ ಕೇರಿಯವರು), ಶಾಲೆಯ ಮಕ್ಕಳು, ವಯಸ್ಸಾದವರು. ವಾರವಿಡೀ ಕೂಲಿ ಮಾಡಿದವರಿಗೆ ಬಟ್ಟೆ ಒಗೆಯಲು, ಸಾಮಾನು ತರಲು ಸಿಗುವುದು ಅದೊಂದೇ ದಿನ. ಅವರನ್ನು ಇಡೀ ದಿನ ದುಡಿಯಲು ಕರೆಯುವುದು ನ್ಯಾಯವಲ್ಲ. ಎಂಟರಿಂದ ಹನ್ನೊಂದೂವರೆವರೆಗೆ ಸಾಕು, ಆಮೇಲೆ ಊಟ. ದಾರಿ ಎಲ್ಲಿ ಜಾರುತ್ತದೆ, ರಾತ್ರಿ ಎಲ್ಲಿ ಕಾಲು ಮುಗ್ಗರಿಸುತ್ತದೆ ಎಂಬುದನ್ನು ಮಾತ್ರ ಅವರಿಂದಲೇ ಕೇಳಿ ತಿಳಿಯಿರಿ.

5. ಜನ ಮತ್ತು ಹತ್ಯಾರು

ಇಪ್ಪತ್ತು ಜನ ಒಂದು ಬೆಳಗಿನಲ್ಲಿ ನೂರರಿಂದ ನೂರೈವತ್ತು ಮೀಟರ್ ದಾರಿಯನ್ನು ಸರಿಯಾಗಿ ಮಾಡಬಲ್ಲರು. ಅದಕ್ಕಿಂತ ಹೆಚ್ಚು ಹಿಡಿದರೆ ಎಲ್ಲವೂ ಅರ್ಧಂಬರ್ಧ. ಇಷ್ಟು ಜನಕ್ಕೆ ಆರು ಗುದ್ದಲಿ, ನಾಲ್ಕು ಕತ್ತಿ, ಎರಡು ಹಾರೆ, ಎರಡು ಪಿಕಾಸಿ, ಎಂಟು ಬಾಂಡ್ಲಿ, ಒಂದು ದೊಡ್ಡ ಸುತ್ತಿಗೆ, ಅಳತೆ ಟೇಪ್, ಹುರಿ ಬೇಕು. ಮೇಸ್ತ್ರಿಗಳು ಬಳಸುವ ನೀರು ತುಂಬಿದ ಪಾರದರ್ಶಕ ಕೊಳವೆಯೂ ಒಂದಿರಲಿ, ಅದರಲ್ಲಿ ಮಟ್ಟ ನೋಡಬಹುದು. ಹತ್ಯಾರನ್ನು ಮನೆಮನೆಗಳಿಂದ ತಂದಿದ್ದರೆ ಹಿಡಿಗೆ ಬಣ್ಣದ ಗುರುತು ಹಾಕಿ. ಗುದ್ದಲಿ ಅದಲುಬದಲಾಗಿ ಮನಸ್ತಾಪ ಆದ ಊರುಗಳನ್ನು ನೋಡಿದ್ದೇನೆ.

ಕಲ್ಲು ಕಟ್ಟಲು ಬಲ್ಲವರು ಒಬ್ಬರಾದರೂ ಇರಲೇಬೇಕು. ಅವರಿಗೆ ದಿನದ ಕೂಲಿ ಕೊಡಿ. ಸ್ವಯಂಸೇವೆಯ ಹೆಸರಿನಲ್ಲಿ ಕಸುಬುದಾರರ ಕೈಚಳಕವನ್ನು ಬಿಟ್ಟಿಯಾಗಿ ಕೇಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹಣ ಸಂಗ್ರಹಿಸಿದ್ದರೆ ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ಹಾಲಿನ ಡೈರಿಯ ಗೋಡೆಗೋ ಪಡಿತರ ಅಂಗಡಿಯ ಬಾಗಿಲಿಗೋ ಅದೇ ವಾರ ಅಂಟಿಸಿ.

ಊಟ, ಕಾಫಿಯ ಹೊಣೆಯನ್ನು ಮೊದಲೇ ಹಂಚಿ. ಮಹಿಳೆಯರೇ ಒಲೆಯ ಮುಂದೆ ನಿಲ್ಲಬೇಕೆಂದೇನೂ ಇಲ್ಲ. ನೀರಿನ ಜಾಡನ್ನು ಚೆನ್ನಾಗಿ ಬಲ್ಲವರು ಎಷ್ಟೋ ಸಲ ಅವರೇ ಆಗಿರುತ್ತಾರೆ. ಬೆಲ್ಲದ ಕಾಫಿ, ಕಡುಬು, ಬಾಳೆಲೆ ಸಾಕು. ಪ್ಲಾಸ್ಟಿಕ್ ಲೋಟ, ತಟ್ಟೆ, ಸಣ್ಣ ನೀರಿನ ಬಾಟಲಿ ಬೇಡ. ಎಲ್ಲರೂ ಮನೆಯಿಂದ ಒಂದೊಂದು ಲೋಟ ತರಲಿ. ವೇದಿಕೆ, ಹಾರ, ಭಾಷಣ ಇಟ್ಟರೆ ಬೆಳಗಿನ ತಂಪು ಹೊತ್ತು ಅದರಲ್ಲೇ ಕಳೆಯುತ್ತದೆ. ಮಾತನಾಡಬೇಕಾದವರು ಊಟದ ಹೊತ್ತಿಗೆ ಮಾತನಾಡಲಿ, ಬೇಕಿದ್ದರೆ ಆಮೇಲೆ ಮಕ್ಕಳಿಗೂ ದೊಡ್ಡವರಿಗೂ ಹಗ್ಗಜಗ್ಗಾಟ ಇಡಿ.

6. ಗುದ್ದಲಿ ಎತ್ತುವ ಮೊದಲು

ಆನೆ ಓಡಾಟ ಇರುವ ಕಡೆ ಹಿಂದಿನ ಸಂಜೆಯೇ ಅರಣ್ಯ ಸಿಬ್ಬಂದಿಯನ್ನು ಕೇಳಿ. ಇಲಾಖೆಯ ಸಹಾಯವಾಣಿ 1926. ಮೇ ತಿಂಗಳಲ್ಲಿ ಹಲಸು ಬಲಿಯುತ್ತಿದ್ದಂತೆ ಆನೆಗಳು ತೋಟಕ್ಕೆ ಇಳಿಯುತ್ತವೆ. ಹಸಿ ಲದ್ದಿ, ಮುರಿದ ಬಾಳೆ ಕಂಡರೆ ಅಂದಿನ ಕೆಲಸ ಮುಂದೂಡಿ. ಹಾವಿಗಾಗಿ ಗಮ್‌ಬೂಟ್ ಧರಿಸಿ, ಪೊದೆಗೆ ಕೈ ಹಾಕುವ ಮೊದಲು ಕೋಲಿನಿಂದ ಬಡಿಯಿರಿ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಯಾವುದೂ ಬೇಡ, ಅಲುಗಾಡದಂತೆ ಮಲಗಿಸಿ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಎಲ್ಲಿಯವರೆಗೆ ಬರಬಲ್ಲದು, ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂದು ಎಲ್ಲರಿಗೂ ಮೊದಲೇ ಹೇಳಿರಿ. ಹೆಜ್ಜೇನು, ಕಣಜದ ಗೂಡು ಇರುವ ಮರದಡಿ ಗದ್ದಲವಾಗಲಿ ಹೊಗೆಯಾಗಲಿ ಆಗಬಾರದು. ವಿದ್ಯುತ್ ತಂತಿ ಜೋತುಬಿದ್ದಿದ್ದರೆ 1912ಕ್ಕೆ ತಿಳಿಸಿ, ಅವರು ಬರುವವರೆಗೆ ಆ ಭಾಗಕ್ಕೆ ಯಾರೂ ಹೋಗದಿರಲಿ. ಇಂಬಳಕ್ಕೆ (ಜಿಗಣೆಗೆ) ಉಪ್ಪಿನ ಚೀಟಿ ಜೇಬಿನಲ್ಲಿರಲಿ.

ಕತ್ತಿ, ಗುದ್ದಲಿ ಹಿಡಿದವರ ನಡುವೆ ಹತ್ತಡಿ ಅಂತರ ಬೇಕು. ಕಳೆ ಹೊಡೆಯುವ ಮೆಷಿನ್ ಬಳಸುವುದಾದರೆ ಅಭ್ಯಾಸ ಇರುವವರು ಮುಖಕ್ಕೆ ರಕ್ಷೆ ಹಾಕಿಕೊಂಡು ಹಿಂದಿನ ದಿನವೇ ಮುಗಿಸಲಿ. ಜನ ಸೇರಿರುವಾಗ ಅದರಿಂದ ಕಲ್ಲು ಸಿಡಿದರೆ ಕಣ್ಣು ಹೋಗುತ್ತದೆ.

7. ಕಾಡು ಸವರುವುದು: ಕಡಿಮೆಯೇ ಒಳ್ಳೆಯದು

ನಾಲ್ಕಡಿ ಅಗಲ, ತಲೆಯ ಮೇಲೆ ಎರಡಡಿ ತೆರಪು, ಇಷ್ಟೇ ಬೇಕಾಗಿರುವುದು. ಮೇಲಿನ ಬದಿಯ ಲಾಂಟಾನವನ್ನು ಬುಡದ ಸಮೇತ ತೆಗೆಯಬಹುದು. ಆದರೆ ಕೆಳಗಿನ ಅಂಚಿನ ಹುಲ್ಲನ್ನು ಬೇರು ಸಹಿತ ಕೀಳಬೇಡಿ, ಸವರಿ ಮಾತ್ರ ಬಿಡಿ. ಆ ಬೇರುಗಳೇ ದಾರಿಯ ಅಂಚನ್ನು ಹಿಡಿದಿರುವುದು. ದಾರಿ ಹೊಲಿಗೆ ಬಿಟ್ಟ ಹಾಗೆ ಅಂಚಿನಿಂದ ಕುಸಿಯತೊಡಗಿದರೆ ಹೆಚ್ಚಾಗಿ ಕಾರಣ, ಹಿಂದಿನ ವರ್ಷ ಯಾರೋ ‘ಚೊಕ್ಕಟವಾಗಿ’ ಕೆತ್ತಿ ಹಾಕಿದ್ದು. ಅಂತಹ ಕಡೆ ಜೂನ್ ಆರಂಭದಲ್ಲಿ ಲಾವಂಚದ ಬುಡಗಳನ್ನು ಗೇಣು ಅಂತರದಲ್ಲಿ ಸಾಲಾಗಿ ನೆಡಿ.

ಕಳೆನಾಶಕ ಸಿಂಪಡಿಸಬೇಡಿ. ದಾರಿಯ ನೀರು ತೋಡಿಗೆ, ತೋಡಿನ ನೀರು ಯಾರದೋ ಬಾವಿಗೆ ಹೋಗುತ್ತದೆ. ಕಡಿದ ಪೊದೆಗೆ ಬೆಂಕಿಯನ್ನೂ ಹಾಕಬೇಡಿ. ಬೇಸಿಗೆಯ ಗಾಳಿಯಲ್ಲಿ ಒಂದು ಕಿಡಿ ಸಾಕು.

8. ನೀರು ಇಳಿಸುವುದು

ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತನ್ನು ಇದಕ್ಕೆ ಮೀಸಲಿಡಿ. ಮೂರು ಉಪಾಯಗಳಿವೆ, ಹೆಚ್ಚಿನ ದಾರಿಗಳಿಗೆ ಮೂರೂ ಬೇಕಾಗುತ್ತವೆ.

ಮೊದಲನೆಯದು ಓರೆಮಟ್ಟ. ದಾರಿಯ ಮೈ ಗುಡ್ಡದ ಕಡೆಯಿಂದ ಕಣಿವೆಯ ಕಡೆಗೆ ಸ್ವಲ್ಪ ವಾಲಿರಬೇಕು. ನಾಲ್ಕಡಿ ಅಗಲಕ್ಕೆ ಎರಡರಿಂದ ಎರಡೂವರೆ ಇಂಚು ಇಳಿತ ಸಾಕು. ನಡೆಯುವವರಿಗೆ ಅದು ಗೊತ್ತೇ ಆಗುವುದಿಲ್ಲ, ನೀರಿಗೆ ಗೊತ್ತಾಗುತ್ತದೆ. ವರ್ಷಗಟ್ಟಲೆ ನಡೆದ ದಾರಿಯ ನಡುಭಾಗ ತಗ್ಗಿ ಕೆಳಗಿನ ಅಂಚಿನಲ್ಲಿ ಮಣ್ಣಿನ ದಿಣ್ಣೆ ಎದ್ದಿರುತ್ತದೆ. ಆ ದಿಣ್ಣೆಯನ್ನು ಕೆತ್ತಿ, ಅದೇ ಮಣ್ಣನ್ನು ನಡುಭಾಗಕ್ಕೆ ಹಾಕಿ ದಮ್ಮಸು ಮಾಡಿದರೆ ಅರ್ಧ ಕೆಲಸ ಮುಗಿದ ಹಾಗೆ. ಹೊರಗಿನಿಂದ ಮಣ್ಣು ತರುವ ಅಗತ್ಯ ಬಹಳ ಸಲ ಬೀಳುವುದೇ ಇಲ್ಲ.

ಎರಡನೆಯದು ಅಡ್ಡಗಟ್ಟೆ. ಇಳಿಜಾರು ಹೆಚ್ಚಿರುವ ಕಡೆ ಓರೆಮಟ್ಟವೊಂದೇ ಸಾಲದು. ಅಲ್ಲಿ ದಾರಿಗೆ ಅಡ್ಡಲಾಗಿ, ಆದರೆ ನೇರ ಅಡ್ಡವಲ್ಲ, ಕೆಳಗಿನ ಬದಿಗೆ ಓರೆಯಾಗಿ ಉದ್ದ ಕಲ್ಲುಗಳನ್ನು ಸಾಲಾಗಿ ಹೂಳಬೇಕು. ಕಲ್ಲಿನ ಮೂರರಲ್ಲಿ ಎರಡು ಪಾಲು ನೆಲದೊಳಗಿರಲಿ. ಎರಡೂ ಬದಿಗೆ ಒಂದೊಂದು ಅಡಿ ದಾರಿಯಿಂದಾಚೆಗೆ ಚಾಚಿರಲಿ, ಇಲ್ಲವಾದರೆ ನೀರು ತುದಿಯನ್ನು ಬಳಸಿಕೊಂಡು ಹೋಗುತ್ತದೆ. ಕಡಿದಾದ ಕಡೆ ಎಂಟು ಹತ್ತು ಹೆಜ್ಜೆಗೊಂದು, ಸಾಧಾರಣ ಇಳಿಜಾರಿನಲ್ಲಿ ಇಪ್ಪತ್ತು ಹೆಜ್ಜೆಗೊಂದು ಇಡಿ. ನೇರ ಅಡ್ಡಲಾಗಿ ಇಡುವುದು ಸಾಮಾನ್ಯ ತಪ್ಪು. ಆಗ ನೀರು ಬದಿಗೆ ತಿರುಗದೆ ಹಿಂದೆ ಹೂಳು ತುಂಬಿಸಿ, ಕಲ್ಲನ್ನು ಹಾರಿ, ಕೆಳಗೆ ಗುಂಡಿ ತೋಡುತ್ತದೆ.

ಮೂರನೆಯದು ಬಾಯಿ, ಅಂದರೆ ನೀರು ಹೊರಬೀಳುವ ಜಾಗ. ನೀವು ಬಿಳಿ ಬಟ್ಟೆ ಕಟ್ಟಿದ್ದು ಇಲ್ಲಿಗೇ. ಬಾಯಿ ಒಂದೂವರೆ ಗುದ್ದಲಿ ಅಗಲ ಇರಲಿ. ಸಣ್ಣದಾದರೆ ಒಂದು ಸಿಲ್ವರ್ ಓಕ್ ಎಲೆಯ ಕಂತೆ ಸಾಕು ಅದನ್ನು ಮುಚ್ಚಲು. ಅಲ್ಲಿಂದ ಮುಂದಕ್ಕೆ ನಾಲ್ಕೈದು ಅಡಿ ಕಣಿ ತೆಗೆದು, ತುದಿಯಲ್ಲಿ ಒಂದು ಬುಟ್ಟಿ ಕಲ್ಲು ಹರಡಿ. ನೀರಿನ ರಭಸ ಅಲ್ಲಿ ಮುರಿಯುತ್ತದೆ. ತೋಟದವರು ಒಪ್ಪಿದರೆ ಆ ನೀರನ್ನು ತೊಟ್ಟಿಲು ಗುಂಡಿಗೆ (ಕಾಫಿ ಸಾಲುಗಳ ನಡುವೆ ನೀರು ಇಂಗಲು ತೆಗೆಯುವ ಗುಂಡಿ) ತಿರುಗಿಸಬಹುದು.

ಎಚ್ಚರಿಕೆ: ಬಾಯಿಯನ್ನು ಯಾರ ಕಾಳುಮೆಣಸಿನ ಬಳ್ಳಿಯ ಬುಡಕ್ಕೂ ಬಿಡಬೇಡಿ. ನಿಂತ ನೀರಿನಿಂದ ಸೊರಗು ರೋಗ ಬಂದು ಬಳ್ಳಿ ಸತ್ತರೆ ಆ ತೋಟದವರು ಮರುವರ್ಷ ದಾರಿಯನ್ನೇ ಮುಚ್ಚಿಸುತ್ತಾರೆ, ಅವರನ್ನು ತಪ್ಪು ಎನ್ನಲಾಗದು. ಮನೆಯ ಹಿಂದಿನ ಬರೆಗೂ, ಹೊಸದಾಗಿ ಮಣ್ಣು ತುಂಬಿದ ಜಾಗಕ್ಕೂ ಬಿಡುವಂತಿಲ್ಲ.

ಜೆಸಿಬಿ ತರಿಸಿದರೆ ಒಂದು ಗಂಟೆಯಲ್ಲಿ ಮುಗಿಯುತ್ತದಲ್ಲ ಎಂದು ಕೇಳುವವರಿದ್ದಾರೆ. ಗುಡ್ಡದ ಬುಡವನ್ನು ಯಂತ್ರದಿಂದ ನೇರವಾಗಿ ಕೊರೆದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ಕೊಡಗಿನ ಮಣ್ಣು, ಕೊಡಗಿನ ಮಳೆ ಎರಡನ್ನೂ ಬಲ್ಲವರು ಕಾಲುದಾರಿಗೆ ಯಂತ್ರ ಇಳಿಸಬಾರದು.

9. ಮೆಟ್ಟಿಲು ಬೇಕಾದ ಕಡೆ

ಕೆಳಗಿನಿಂದ ಮೇಲಕ್ಕೆ ಕಟ್ಟುತ್ತಾ ಹೋಗಿ. ಎತ್ತರ ಆರು ಇಂಚು ದಾಟದಿರಲಿ, ಕಾಲಿಡುವ ಜಾಗ ಒಂದಡಿಗಿಂತ ಕಡಿಮೆಯಾಗದಿರಲಿ. ಹೊರೆ ಹೊತ್ತವರಿಗೂ ಪುಟ್ಟ ಮಕ್ಕಳಿಗೂ ಈ ಅಳತೆ ಒಗ್ಗುತ್ತದೆ. ಪ್ರತಿ ಕಲ್ಲೂ ಮುಂದಕ್ಕೆ ಕಾಲಿಂಚು ವಾಲಿರಬೇಕು. ಕಲ್ಲು ಕೂರಿಸಿದ ಮೇಲೆ ನಾಲ್ಕೂ ಮೂಲೆಯನ್ನು ತುಳಿದು ನೋಡಿ. ‘ಟಕ್’ ಎಂದು ಅಲುಗಿದರೆ ತೆಗೆದು, ಅಡಿಗೆ ಜಲ್ಲಿ ಹಾಕಿ ಮತ್ತೆ ಕೂರಿಸಿ. ಅಂಚಿಗೆ ಆಸರೆ ಗೋಡೆ ಬೇಕಿದ್ದರೆ ಸಿಮೆಂಟಿಲ್ಲದ ಒಣ ಕಲ್ಲಿನ ಕಟ್ಟು ಒಳ್ಳೆಯದು, ನೀರು ಸಂದಿಯಿಂದ ಇಳಿದುಹೋಗುತ್ತದೆ. ಮೊಣಕಾಲೆತ್ತರಕ್ಕಿಂತ ಹೆಚ್ಚು ಬೇಕಾದರೆ ಎಂಜಿನಿಯರ್ ನೋಡಲಿ.

ಕಾಂಕ್ರೀಟ್ ಬಗ್ಗೆ ಬಹಳ ಜನ ಕೇಳುತ್ತಾರೆ. ನಮ್ಮ ಮನೆಯ ಹತ್ತಿರದ ಇಳಿಜಾರಿನಲ್ಲಿ ಕೆಲವು ವರ್ಷಗಳ ಹಿಂದೆ ಕಾಂಕ್ರೀಟ್ ಹಾಕಿದರು, ನೀರು ಇಳಿಯಲು ಎಲ್ಲಿಯೂ ಬಾಯಿ ಬಿಡಲಿಲ್ಲ. ಎರಡನೆಯ ಮಳೆಗಾಲಕ್ಕೆ ನೀರು ಅಂಚಿನ ಮಣ್ಣನ್ನು ತಿಂದು, ಅಡಿಯಲ್ಲಿ ಮೊಣಕೈವರೆಗೆ ಕೈ ತೂರುವಷ್ಟು ಟೊಳ್ಳಾಯಿತು. ಕೋಲಿನಿಂದ ಕುಟ್ಟಿದರೆ ಡೋಲಿನಂತೆ ಸದ್ದು ಬರುತ್ತಿತ್ತು. ಮರುವರ್ಷ ಆ ತುಂಡು ಮುರಿದು ತೋಟಕ್ಕೆ ಉರುಳಿತು. ಉಳಿದ ಭಾಗದ ಮೇಲೆ ಜೂನ್‌ನಿಂದ ಪಾಚಿ ಕಟ್ಟಿ ಯಾರೂ ಕಾಲಿಡುವಂತಿಲ್ಲ. ಕಾಂಕ್ರೀಟ್ ಹಾಕಲೇಬೇಕಾದರೆ ಮೈಯನ್ನು ಒರಟಾಗಿ ಬಿಡಿಸಿ, ಅಡ್ಡ ಕಣಿಗಳನ್ನು ಮೊದಲೇ ಬಿಡಿಸಿ.

10. ಕಸ ಎಲ್ಲಿಗೆ?

ಹೆಕ್ಕುವುದು ಸುಲಭ. ಕಷ್ಟ ಇರುವುದು ಆಮೇಲೆ. ಚೀಲ ತುಂಬಿಸಿ ರಸ್ತೆ ಬದಿಗಿಟ್ಟು ಚಿತ್ರ ತೆಗೆದು ಹೋದರೆ ರಾತ್ರಿಯೇ ನಾಯಿಗಳು ಹರಿದುಹಾಕುತ್ತವೆ. ಒಣ ಕಸ, ಗಾಜು, ಬಟ್ಟೆ-ಡೈಪರ್ ಹೀಗೆ ಮೂರು ಬಗೆಯಾಗಿ ಬೇರ್ಪಡಿಸಿ. ಮದ್ಯದ ಬಾಟಲಿಯ ಚೂರುಗಳನ್ನು ಗೋಣಿಗೆ ತುಂಬಿ ‘ಗಾಜು’ ಎಂದು ಬರೆಯಿರಿ, ಎತ್ತುವವರ ಕೈ ಕೊಯ್ಯಬಾರದು. ಪಂಚಾಯಿತಿಯ ಕಸದ ವಾಹನ ಎಷ್ಟು ಗಂಟೆಗೆ, ಎಲ್ಲಿಗೆ ಬರುತ್ತದೆ ಎಂದು ಹಿಂದಿನ ದಿನ ಖಚಿತಪಡಿಸಿಕೊಂಡು, ಅದಕ್ಕೆ ಏರಿಸಿಯೇ ಮನೆಗೆ ಹೋಗಿ.

11. ಮೊದಲ ಜೋರು ಮಳೆಯ ಮರುದಿನ

ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಇಬ್ಬರು ಹೋಗಿ ನೋಡಲೇಬೇಕು. ಹೊಸ ಅಡ್ಡಗಟ್ಟೆಯ ಹಿಂದೆ ಹೂಳು ತುಂಬಿರುತ್ತದೆ, ಒಂದೆರಡು ಬಾಯಿ ತರಗೆಲೆಯಿಂದ ಮುಚ್ಚಿರುತ್ತದೆ. ಇದು ಕೆಲಸ ಕೆಟ್ಟ ಲಕ್ಷಣವಲ್ಲ, ಹೊಸ ಮಣ್ಣು ಕೂರುವ ರೀತಿಯೇ ಹಾಗೆ. ಹತ್ತು ನಿಮಿಷದಲ್ಲಿ ಬಿಡಿಸಬಹುದು. ಅದನ್ನು ಬಿಡಿಸದೆ ಹೋದರೆ ಒಂದೇ ವಾರದಲ್ಲಿ ನೀರು ಮತ್ತೆ ಹಳೆಯ ದಾರಿ ಹಿಡಿಯುತ್ತದೆ.

ಇದಕ್ಕಾಗಿ ದಾರಿಯನ್ನು ತುಂಡುಗಳಾಗಿ ಹಂಚಿಕೊಳ್ಳಿ. ಐವತ್ತು ಮೀಟರ್‌ಗೆ ಒಂದು ಮನೆ, ಆ ಮನೆಯ ಜಗಲಿಯಲ್ಲಿ ಸಂಘದ ಒಂದು ಗುದ್ದಲಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಆ ದಾರಿಯಲ್ಲಿ ಹೋಗುವಾಗ ಅವರು ಬಾಯಿ ಬಿಡಿಸಿದರೆ ಸಾಕು. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಅಂದು ಬಿದ್ದ ಮಳೆಯ ಇಂಚು, ಯಾವ ಗಟ್ಟೆ ನಿಂತಿತು, ಯಾವುದು ಕಿತ್ತುಬಂತು ಎಂದು ಬರೆದಿಡಿ. ಮಳೆ ಅಳೆಯುವ ಡಬ್ಬಿ ಹತ್ತಿರದ ಯಾವುದಾದರೂ ತೋಟದಲ್ಲಿ ಇದ್ದೇ ಇರುತ್ತದೆ. ಅಕ್ಟೋಬರ್ ಸುತ್ತಿಗೆ ಹೊರಡುವಾಗ ಆ ನೋಟ್‌ಬುಕ್ ಕೈಯಲ್ಲಿದ್ದರೆ ಎಲ್ಲಿಗೆ ಎಷ್ಟು ಜನ, ಎಷ್ಟು ಕಲ್ಲು ಬೇಕು ಎಂಬುದು ಅದರಲ್ಲೇ ಸಿಗುತ್ತದೆ.